ಕಡಲ ಜಗಲಿಯ ಕಲ್ಲು

ಕಾರವಾರ
3 ಜೂನ್ 2024

ಗಂಗುಲಪ್ಪ ತಾತನವರಿಗೆ ಸಂಹಿತಾಳ ನಮಸ್ಕಾರಗಳು.

ನೆನಪಿದೆಯೋ ಇಲ್ಲವೋ, ಎಂಟು ವರ್ಷದ ಹಿಂದೆ ನಾವು ಕಾಲೇಜಿನವರು ಒಂದು ವ್ಯಾನು ತುಂಬ ಬಂದು ವಕ್ಕಲೇರಿಯ ಬಂಡೆಯ ಮೇಲೆ ಸುತ್ತಿಗೆ ಹಿಡಿದು ಕುಣಿದಾಡಿದ್ದೆವು. ಅರ್ಧ ಗಂಟೆ ಬಡಿದರೂ ಒಂದು ಚಕ್ಕೆ ಏಳಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಅಳುಮುಖ ಹಾಕಿ ನಿಂತಿದ್ದ ಮುಳಬಾಗಿಲಿನ ಹುಡುಗಿ ನಾನು. ನೀವು ಬಂದು ಬಂಡೆಯನ್ನೊಮ್ಮೆ ಸವರಿ, "ಎಲ್ಲಿ ಹೊಡೀಬೇಕು ಅಂತ ಕಲ್ಲೇ ಹೇಳ್ತದಮ್ಮ" ಎಂದು ಒಂದೇ ಏಟು ಕೊಟ್ಟಿರಿ. ಆಗ ಬಿದ್ದ ಚೂರು ಇನ್ನೂ ನನ್ನ ಹತ್ತಿರ ಇದೆ.

ಸುತ್ತಿಗೆಯ ಸದ್ದಿಗೆ ನಿಮ್ಮ ಕಿವಿ ಹೋಗಿ ಫೋನು ಕೇಳಿಸುವುದಿಲ್ಲವೆಂದು ನನ್ನ ತಮ್ಮ ವಂಶಿಕೃಷ್ಣ ಹೇಳಿದ. ಅವನು ನರಸಾಪುರದ ಫ್ಯಾಕ್ಟರಿಯಲ್ಲಿದ್ದಾನೆ. ಆದ್ದರಿಂದ ಈ ಕಾಗದ, ಮತ್ತು ಅವನ ಕೈಯಲ್ಲಿ ಒಂದು ಕಲ್ಲು.

ಕಲ್ಲು ಸಮುದ್ರದ ತಳದ್ದು. ನಾನೀಗ ಕಡಲ ತಳವನ್ನು ಅಧ್ಯಯನ ಮಾಡುವ ಒಂದು ಕೇಂದ್ರದಲ್ಲಿ ಕೆಲಸಕ್ಕಿದ್ದೇನೆ. ನೆಲ ಕಡಲ ದಂಡೆಗೆ ಬಂದು ಥಟ್ಟನೆ ಮುಗಿಯುವುದಿಲ್ಲ ತಾತ. ನೀರಿನೊಳಗೂ ಸ್ವಲ್ಪ ದೂರ ನಡೆದು, ಆಮೇಲೆ ಇಳಿಜಾರಾಗಿ ಆಳಕ್ಕೆ ಬೀಳುತ್ತದೆ. ಕೆಲವು ಕಡೆ ಹಾಗೆ ಬೀಳುವ ದಾರಿಯಲ್ಲಿ ಅಗಲವಾದ, ಮಟ್ಟಸವಾದ ಒಂದು ದಿಬ್ಬ ನಿಂತುಬಿಟ್ಟಿರುತ್ತದೆ. ಮೇಲೆ ಒಂದೂವರೆ ಕಿಲೋಮೀಟರು ನೀರು, ಕೆಳಗೆ ಕೋಲಾರ ಜಿಲ್ಲೆಯಷ್ಟು ಬಯಲು. ಅದು ಹೇಗಾಯಿತು ಎನ್ನುವುದೇ ನಮ್ಮಲ್ಲಿ ಜಗಳ. ಹಿಂದೆ ಖಂಡಗಳು ಒಂದನ್ನೊಂದು ಬಿಟ್ಟು ಸರಿದಾಗ, ರೊಟ್ಟಿ ಹಿಟ್ಟನ್ನು ಎರಡೂ ಕಡೆ ಎಳೆದ ಹಾಗೆ ಅಂಚು ತೆಳ್ಳಗಾಗಿ ಬಿರಿದು, ಒಂದು ತುಂಡು ಕುಸಿದು ಅಲ್ಲೇ ಉಳಿಯಿತು, ಅದು ನಮ್ಮ ನೆಲದ್ದೇ ತುಂಡು ಎಂದು ನನ್ನ ವಾದ. ಅಲ್ಲ, ಬಿರುಕಿನಿಂದ ಲಾವಾ ಉಕ್ಕಿ ಗುಡ್ಡೆಬಿದ್ದದ್ದು ಎಂದು ನಮ್ಮ ಮುಖ್ಯಸ್ಥರಾದ ಭಾರ್ಗವ್ ಸರ್ ವಾದ.

ಏಪ್ರಿಲ್‌ನಲ್ಲಿ ಹಡಗಿನಿಂದ ಕಬ್ಬಿಣದ ಬುಟ್ಟಿ ಇಳಿಸಿ ಆ ದಿಬ್ಬದ ಅಂಚನ್ನು ಕೆರೆದೆವು. ಕರಿ ಲಾವಾ ಕಲ್ಲುಗಳ ನಡುವೆ ಇದೊಂದು ಗ್ರಾನೈಟ್ ಕಲ್ಲು ಬಂತು. ನಾನು ಗೆದ್ದೆ ಎಂದು ಡೆಕ್ಕಿನ ಮೇಲೆ ಕುಣಿದೆ. ಸರ್ ನಕ್ಕು, "ಹಿಂದಿನ ಕಾಲದ ಹಡಗುಗಳು ತೂಕಕ್ಕೆ ಕಲ್ಲು ತುಂಬಿಕೊಂಡು ಹೋಗ್ತಿದ್ವು, ಬೇಡವಾದಾಗ ನೀರಿಗೆ ಎಸೀತಿದ್ವು. ಇದು ಯಾವನೋ ಕಲ್ಲುಕುಟಿಗ ಒಡೆದ ಕಲ್ಲು" ಎಂದರು.

ಜುಲೈ 25ಕ್ಕೆ ಸಭೆ ಇದೆ. ಸರ್ ಮಾತು ಗೆದ್ದರೆ ಹಡಗು ಆ ಕಡೆ ಮತ್ತೆ ಹೋಗುವುದಿಲ್ಲ. ನನ್ನ ಮಾತು ಗೆದ್ದರೆ ಡಿಸೆಂಬರಿನಲ್ಲಿ ಹೋಗುತ್ತದೆ, ಮುಂದಾಳು ನಾನೇ. ಐದು ವರ್ಷದ ನನ್ನ ಕೆಲಸ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಇದನ್ನು ಮನುಷ್ಯ ಒಡೆದನೋ, ಇಲ್ಲವೋ? ಅದನ್ನು ಹೇಳಬಲ್ಲ ಒಬ್ಬರೇ ನನಗೆ ಗೊತ್ತಿರುವುದು.

ಕಲ್ಲನ್ನು ಯಾರ ಅಪ್ಪಣೆಯೂ ಇಲ್ಲದೆ ಕಳಿಸಿದ್ದೇನೆ. ದಯವಿಟ್ಟು ಇಪ್ಪತ್ತನೇ ತಾರೀಕಿನೊಳಗೆ ವಾಪಸು ಮುಟ್ಟಿಸಿ.

ನಿಮ್ಮ
ಸಂಹಿತಾ


ವಕ್ಕಲೇರಿ
12 ಜೂನ್ 2024

ಸಂಹಿತಮ್ಮನವರಿಗೆ ಗಂಗುಲಪ್ಪ ಬರೆಯುವುದು.

ಇಲ್ಲಿ ನಾನು, ಮನೆಯವಳು ದೊಡ್ಡಗಂಗಮ್ಮ, ಮಗಳು ಮುನಿಲಕ್ಷ್ಮಿ, ಅಳಿಯ ಕದಿರೇಶ, ಎರಡು ಮೇಕೆ, ನಿಮ್ಮ ಕಲ್ಲು, ಎಲ್ಲರೂ ಕ್ಷೇಮ.

ಅಳುಮುಖದ ಹುಡುಗಿ ಚೆನ್ನಾಗಿ ನೆನಪಿದ್ದಾಳೆ. ನೀವು ಅವತ್ತು ಸುತ್ತಿಗೆಯನ್ನು ಸಾರು ಬಡಿಸುವ ಸೌಟಿನ ಹಾಗೆ ಹಿಡಿದಿದ್ದಿರಿ. ಹೇಳಿದರೆ ಬೇಜಾರಾಗುತ್ತೀರಿ ಎಂದು ಸುಮ್ಮನಿದ್ದೆ.

ನೀವು ಬರೆದದ್ದನ್ನು ದೊಡ್ಡಗಂಗಮ್ಮನಿಗೆ ಹೇಗೆ ಹೇಳುವುದು ಎಂದು ಎರಡು ದಿನ ಯೋಚಿಸಿದೆ. ಕೊನೆಗೆ ಜಗಲಿ ಎಂದೆ. ಮನೆಯ ನೆಲಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಬೀದಿಗಿಂತ ಮೇಲೆ, ಮನೆಯೂ ಅಲ್ಲ ಬೀದಿಯೂ ಅಲ್ಲ. ನಿಮ್ಮ ಜಗಳ ಏನೆಂದರೆ, ಈ ಜಗಲಿ ಮನೆ ಕಟ್ಟಿದ ಕಲ್ಲಿನದೇ, ಇಲ್ಲ ಆಮೇಲೆ ಎಲ್ಲಿಂದಲೋ ಮಣ್ಣು ಬಂದು ಗುಡ್ಡೆಬಿದ್ದದ್ದೇ ಎಂದು. ಸರಿಯಾಗಿ ತಿಳಿದುಕೊಂಡಿದ್ದೇನೆಯೇ? ದೊಡ್ಡಗಂಗಮ್ಮ, "ಅಷ್ಟು ಆಳದಾಗೆ ಜಗಲಿ ಮ್ಯಾಲೆ ಯಾರು ಕೂತ್ಕೊಂತಾರೆ?" ಎಂದು ಕೇಳಿದಳು. ಮೀನು ಎಂದೆ. ಒಪ್ಪಿದಳು.

ಈಗ ಕಲ್ಲಿನ ಮಾತು. ಉಳಿ, ಸುತ್ತಿಗೆ, ಬೆಣೆ ಮೂರೂ ಇದನ್ನು ಮುಟ್ಟಿಲ್ಲ. ಮೂರು ಕಡೆ ತೆಳ್ಳಗೆ ಕಪ್ಪು ಕಟ್ಟಿದೆ, ಅದು ಬಹಳ ಕಾಲ ಒಂದೇ ಕಡೆ ಕೂತು ಕಟ್ಟಿದ್ದು. ನಾಲ್ಕನೇ ಕಡೆ ಹಸಿ, ತಾಯಿಬಂಡೆಯಿಂದ ಈಚೆಗೆ ಬಿಟ್ಟುಬಂದದ್ದು. ಐವತ್ತೆರಡು ವರ್ಷ ಕಲ್ಲು ಒಡೆದಿದ್ದೇನೆ. ಕಿವಿ ಹೋಗಿದೆ, ಕೈ ಹೋಗಿಲ್ಲ. ತಟ್ಟಿಯೂ ನೋಡಿದೆ. ಒಳಗೆ ಒಂದು ಬಿರುಕಿಲ್ಲ, ಗಟ್ಟಿ ಕಲ್ಲು. ನಿಮ್ಮ ಸರ್‌ಗೆ ಹಾಗೆಂದು ಹೇಳಿ.

ಸೋಮವಾರ ಪೆಟ್ಟಿಗೆ ಕಟ್ಟಿಸಿ ಕಳಿಸುತ್ತೇನೆ.

ಗಂಗುಲಪ್ಪ


ಕಾರವಾರ
24 ಜೂನ್ 2024

ತಾತನವರಿಗೆ,

ನಿಮ್ಮ ಕಾಗದವನ್ನು ಏಳು ಸಲ ಓದಿದೆ. ಜಗಲಿ ಎಂಬ ಮಾತು ನಮ್ಮ ಯಾವ ಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಬಂದಿಲ್ಲ. ನಾನೂ ಈಗ ಹಾಗೇ ಕರೆಯುತ್ತಿದ್ದೇನೆ. ಸೌಟಿನ ಮಾತನ್ನು ಮಾತ್ರ ಕ್ಷಮಿಸಿಲ್ಲ.

ಕಲ್ಲು ಇನ್ನೂ ಬಂದಿಲ್ಲ. ದಾರಿಯಲ್ಲಿರಬೇಕು. ಯಾವತ್ತು ಕಳಿಸಿದಿರಿ ಎಂದು ಒಂದು ಸಾಲು ಬರೆದರೆ ಇಲ್ಲಿಯ ಕೊರಿಯರಿನವರನ್ನು ವಿಚಾರಿಸುತ್ತೇನೆ.

ಸಂಹಿತಾ


ವಕ್ಕಲೇರಿ
29 ಜೂನ್ 2024

ಸಂಹಿತಮ್ಮನವರಿಗೆ,

ಇಲ್ಲಿ ನಾನು, ದೊಡ್ಡಗಂಗಮ್ಮ, ಮುನಿಲಕ್ಷ್ಮಿ, ಕದಿರೇಶ, ಎರಡು ಮೇಕೆ ಕ್ಷೇಮ. ಒಂದು ಮೇಕೆ ಗಬ್ಬವಾಗಿದೆ.

ಪೆಟ್ಟಿಗೆ ಮಾಡುವ ವೆಂಕಟ್ ಶ್ರೀನಿವಾಸಪುರದಲ್ಲಿ ಭಾವನ ಮನೆಗೆ ಹೋದವನು ಬಂದಿಲ್ಲ. ಅವರದು ಮಾವಿನ ತೋಟ, ಹಣ್ಣು ಮುಗಿಯುವ ತನಕ ಬರುವುದಿಲ್ಲ. ಬೇರೆಯವರ ಪೆಟ್ಟಿಗೆ ನಂಬುವ ಹಾಗಿಲ್ಲ. ಆಮೇಲೆ ಅಮಾವಾಸ್ಯೆಯೂ ಹತ್ತಿರ ಬಂತು. ಮಳೆಯೂ ಬರುವ ಹಾಗಿದೆ.

ಒಂದು ವಿಷಯ. ಆ ಕಲ್ಲು ನೋಡಲು ಹೇಗಿತ್ತು ಎಂದು ನಿಮಗೆ ಚೆನ್ನಾಗಿ ನೆನಪಿದೆಯೇ? ಸುಮ್ಮನೆ ಕೇಳಿದೆ. ಅದರ ಫೋಟೋ ಇದ್ದರೆ ಕಳಿಸಿ, ದೊಡ್ಡಗಂಗಮ್ಮ ಕೇಳುತ್ತಿದ್ದಾಳೆ. ನಾಲ್ಕೂ ಕಡೆಯಿಂದ ತೆಗೆದದ್ದಾದರೆ ಒಳ್ಳೆಯದು.

ಗಂಗುಲಪ್ಪ


ಕಾರವಾರ
3 ಜುಲೈ 2024

ತಾತನವರಿಗೆ,

ಅಜ್ಜಿಗೆ ನಮ್ಮ ಕಲ್ಲಿನ ಮೇಲೆ ಇಷ್ಟು ಆಸಕ್ತಿ ಎಂದು ಓದಿ ಕಣ್ಣು ತುಂಬಿತು. ನಮ್ಮ ಮನೆಯವರು ಇವತ್ತಿನವರೆಗೆ ಒಂದು ಫೋಟೋ ಕೇಳಿದವರಲ್ಲ. ನಾಲ್ಕಲ್ಲ, ಆರು ಕಡೆಯಿಂದ ತೆಗೆದದ್ದು ಇಟ್ಟಿದ್ದೇನೆ. ಪಕ್ಕದಲ್ಲಿ ಅಳತೆಪಟ್ಟಿ ಇದೆ, ಅಜ್ಜಿಗೆ ಗಾತ್ರವೂ ತಿಳಿಯುತ್ತದೆ. ಒಂದು ಮೂಲೆ ಚೂರು ಹೋಗಿದೆಯಲ್ಲ, ಅದು ವಯಸ್ಸು ನೋಡುವುದಕ್ಕೆಂದು ನಾವೇ ಗರಗಸದಲ್ಲಿ ಕೊಯ್ದು ಬೇರೆ ಪ್ರಯೋಗಾಲಯಕ್ಕೆ ಕಳಿಸಿದ್ದು.

ಆದರೆ ತಾತ, ವೆಂಕಟ್‌ನ ಭಾವನ ಮಾವಿನಹಣ್ಣು ಮುಗಿಯುವ ತನಕ ನಾನು ಕಾಯುವ ಹಾಗಿಲ್ಲ. ಭಾರ್ಗವ್ ಸರ್ ನಿನ್ನೆ ಕಲ್ಲು ಎಲ್ಲಿ ಎಂದು ಕೇಳಿದರು. ತೊಳೆಯುತ್ತಿದ್ದೇನೆ ಎಂದೆ. ಒಂದು ತಿಂಗಳು ಯಾವ ಕಲ್ಲನ್ನು ತೊಳೆಯುತ್ತಾರೆ? ಹನ್ನೆರಡನೇ ತಾರೀಕು ಅದು ಉಗ್ರಾಣದಲ್ಲಿರಬೇಕು. ಇಲ್ಲದಿದ್ದರೆ ಕಳೆದೆ ಎಂದು ಬರೆದುಕೊಡಬೇಕು. ಹಾಗೆ ಬರೆದುಕೊಟ್ಟವರನ್ನು ಮತ್ತೆ ಯಾವ ಹಡಗಿಗೂ ಹತ್ತಿಸುವುದಿಲ್ಲ. ಬಟ್ಟೆಯಲ್ಲಿ ಸುತ್ತಿಯಾದರೂ ಕಳಿಸಿ.

ಸಂಹಿತಾ


ವಕ್ಕಲೇರಿ
9 ಜುಲೈ 2024

ಸಂಹಿತಮ್ಮನವರಿಗೆ,

ಕಲ್ಲನ್ನು ಈ ದಿನ ಕೊರಿಯರ್ ಮಾಡಿದೆ. ತಲುಪಿದ ಮೇಲೆ ತಿಳಿಸಿ. ಬಹಳ ಹೊತ್ತು ನೋಡುತ್ತಾ ಕೂರಬೇಡಿ, ಕಣ್ಣಿಗೆ ಒಳ್ಳೆಯದಲ್ಲ.

ಗಂಗುಲಪ್ಪ


ಕಾರವಾರ
15 ಜುಲೈ 2024

ಪ್ರೀತಿಯ ಗಂಗುಲಪ್ಪ ತಾತನವರಿಗೆ,

ಕುರ್ಚಿ ಇದ್ದರೆ ಕೂತುಕೊಂಡು ಓದಿ.

ಕಲ್ಲು ಹನ್ನೊಂದಕ್ಕೇ ಬಂತು. ಸ್ವಲ್ಪ ಹರಳೆಣ್ಣೆ ವಾಸನೆ ಇತ್ತು. ಅಜ್ಜಿ ಎಣ್ಣೆಗೈಯಲ್ಲಿ ಮುಟ್ಟಿರಬೇಕು, ಚಿಂತೆಯಿಲ್ಲ. ಸಭೆಗೆಂದು ಅದರ ಒಂದು ತೆಳುಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಎಲ್ಲೋ ನೋಡಿದ್ದೇನಲ್ಲ ಇದನ್ನು ಎನಿಸಿತು. ನೀವು ಎಂಟು ವರ್ಷದ ಹಿಂದೆ ಒಡೆದುಕೊಟ್ಟ ವಕ್ಕಲೇರಿ ಚೂರಿನ ಪದರ ತೆಗೆದು ಪಕ್ಕದಲ್ಲಿಟ್ಟೆ.

ಎರಡೂ ಒಂದೇ ತಾತ. ಅದೇ ಗುಲಾಬಿ ಹರಳು, ಅದೇ ಕರಿ ಅಭ್ರಕ, ಅದೇ ಬೂದುಬಣ್ಣದ ಗೆರೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾನು ಹೆಚ್ಚೆಂದರೆ ದೂರದ ನಂಟು ಸಿಕ್ಕೀತು ಎಂದಿದ್ದೆ. ಇದು ಅವಳಿಜವಳಿ. ಅಂದರೆ ಆ ಕಡಲ ಜಗಲಿಗೂ ನಮ್ಮ ಕೋಲಾರಕ್ಕೂ ಒಂದೇ ತಾಯಿಬಂಡೆ. ನಮ್ಮ ಊರು ಕಡಲಿನೊಳಗೂ ಇದೆ ಎಂದ ಹಾಗಾಯಿತು. ಇದು ಎಷ್ಟು ದೊಡ್ಡ ಮಾತು ಎಂದು ನಿಮಗೆ ಹೇಗೆ ಹೇಳಲಿ. ಇಂಥದ್ದನ್ನು ಯಾರೂ ಊಹಿಸಿಯೂ ಇರಲಿಲ್ಲ.

ಭಾರ್ಗವ್ ಸರ್‌ಗೆ ತೋರಿಸಿದೆ. ಕಲ್ಲನ್ನು ಮೂಗಿನ ಹತ್ತಿರ ಹಿಡಿದು ನೋಡಿದರು, ನನ್ನನ್ನು ನೋಡಿದರು, ಮೂರು ಸಲ ಕನ್ನಡಕ ಒರೆಸಿಕೊಂಡರು. ಐದು ವರ್ಷದಲ್ಲಿ ಅವರ ಬಾಯಿ ಕಟ್ಟಿದ್ದು ಇದೇ ಮೊದಲು.

25ರಂದು ಎಲ್ಲರ ಮುಂದೆ ಇದನ್ನು ಹೇಳುತ್ತೇನೆ, ಆಮೇಲೆ ಪತ್ರಿಕೆಗೂ ಬರೆಯುತ್ತೇನೆ. ಮೊದಲ ಸಾಲಿನಲ್ಲೇ ನಿಮ್ಮನ್ನು ನೆನೆಯುತ್ತೇನೆ. ಮುಳಬಾಗಿಲಿಗೆ ಫೋನು ಮಾಡಿ ಅಪ್ಪನಿಗೂ ಹೇಳಿದೆ. "ಕೊನೆಗೂ ನಿನ್ನ ಕಲ್ಲಿನ ಓದಿಗೆ ಒಂದು ಅರ್ಥ ಬಂತು ಕಣೇ" ಎಂದರು. ಅಪ್ಪ ಹಾಗೆ ಹೇಳಿದ್ದನ್ನು ಕೇಳಿ ನಾನು ಅತ್ತೆ.

ನಿಮ್ಮ ಸಂಹಿತಾ


ವಕ್ಕಲೇರಿ
18 ಜುಲೈ 2024
ಸ್ಪೀಡ್ ಪೋಸ್ಟ್

ಸಂಹಿತಮ್ಮನವರಿಗೆ,

ಯಾರ ಮುಂದೆಯೂ ಏನೂ ಹೇಳಬೇಡಿ. ಆ ಕಲ್ಲು ವಕ್ಕಲೇರಿ ಕಲ್ಲಿನ ಹಾಗೆ ಇರುವುದು ಯಾಕೆಂದರೆ ಅದು ವಕ್ಕಲೇರಿ ಕಲ್ಲೇ. ಅದನ್ನು ಮಾಡಿದವನು ನಾನು.

ಎಲ್ಲವನ್ನೂ ಬರೆಯುತ್ತೇನೆ. ನಿಮ್ಮ ಕಲ್ಲು ಬಂದ ದಿನ ಅಂಗಳದಲ್ಲಿ ಕೂತು ತಟ್ಟಿ ನೋಡಿದೆ ಎಂದು ಬರೆದಿದ್ದೆನಲ್ಲ. ನಮ್ಮಲ್ಲಿ ಒಂದು ಪದ್ಧತಿ. ಲೋಡು ಕಳಿಸುವ ಮುಂಚೆ ಯಜಮಾನ ಒಂದೊಂದು ಕಲ್ಲನ್ನೂ ತಟ್ಟಬೇಕು. ಬಿರುಕಿಲ್ಲದ ಕಲ್ಲಿಗೆ ಕೆಂಪು ಜಾಜಿನಲ್ಲಿ ಒಂದು ಗೆರೆ ಎಳೆಯಬೇಕು. ಗೆರೆ ಇದ್ದದ್ದನ್ನು ಟ್ರ್ಯಾಕ್ಟರಿಗೆ ತುಂಬುತ್ತಾರೆ, ಇಲ್ಲದ್ದನ್ನು ಬಿಡುತ್ತಾರೆ. ಐವತ್ತೆರಡು ವರ್ಷದಿಂದ ನನ್ನ ಕೈ ಇದನ್ನೇ ಮಾಡಿದೆ. ನಿಮ್ಮ ಕಲ್ಲು ಗಟ್ಟಿಯಾಗಿತ್ತು. ತಟ್ಟಿದೆ, ಮೆಚ್ಚಿದೆ, ಗೆರೆ ಎಳೆದೆ. ಎಳೆದದ್ದು ನನಗೇ ಗೊತ್ತಾಗಲಿಲ್ಲ.

ಸೋಮವಾರ ನೋಡಿದರೆ ಕಲ್ಲಿಲ್ಲ. ಕದಿರೇಶನನ್ನು ಕೇಳಿದೆ. "ನೀನೇ ಜಾಜು ಹಾಕಿದ್ಯಲ್ಲ ಮಾವಾ, ಲೋಡಿಗೆ ಹಾಕ್ದೆ" ಎಂದ. ಅವನದು ತಪ್ಪಲ್ಲ. ಲೋಡು ಹೋದದ್ದು ಮಾಲೂರಿನ ಹತ್ತಿರ ಲಕ್ಕೂರಿಗೆ, ಆದಿಲಕ್ಷ್ಮಮ್ಮ ಎಂಬವರು ಹೊಸ ಸೀಮೆಹಸು ತಂದು ಕೊಟ್ಟಿಗೆ ಕಟ್ಟಿಸುತ್ತಿದ್ದರು. ಓಡಿಹೋದೆ. ಗೋಡೆ ಆಗಲೇ ಎದೆಮಟ್ಟ ಎದ್ದಿತ್ತು. ದೊಡ್ಡ ಕಲ್ಲುಗಳ ಸಂದಿಗೆ ಸಣ್ಣ ಕಲ್ಲು ತುಂಬಿ ಸಿಮೆಂಟು ಮೆತ್ತಿದ್ದರು. ಸಿಮೆಂಟಿನ ಅಡಿಯಲ್ಲಿ ಎಲ್ಲವೂ ಒಂದೇ ಬಣ್ಣ. ಗೋಡೆ ಬಿಚ್ಚುತ್ತೇನೆ ಎಂದರೆ ಆಯಮ್ಮ, "ಏಮಯ್ಯಾ, ನೀನೇ ಕೊಟ್ಟ ಕಲ್ಲು ನೀನೇ ಕೀಳ್ತೀಯಾ? ಹಸು ಒಳಗೆ ಬಂದಾಯ್ತು, ಪೂಜೆ ಆಯ್ತು, ನಡಿ" ಎಂದಳು.

ಇನ್ನೊಬ್ಬರ ಕಲ್ಲನ್ನು ಕಳೆದೆ ಎಂದು ಬರೆಯಲು ಕೈ ಬರಲಿಲ್ಲ. ಕಲ್ಲು ಕಳೆಯುವುದು ಎಂದರೆ ನಮ್ಮವರಲ್ಲಿ ಅಕ್ಕಸಾಲಿ ಚಿನ್ನ ಕಳೆದ ಹಾಗೆ. ಫೋಟೋ ತರಿಸಿಕೊಂಡೆ. ನಮ್ಮ ಬಂಡೆಯಿಂದ ಒಂದು ತುಂಡು ತೆಗೆದು, ಅಳತೆಗೆ ತಕ್ಕ ಹಾಗೆ ಒಡೆದು, ಮೂಲೆಯ ಚೂರನ್ನೂ ಹಾಗೇ ತೆಗೆದು, ಮೂರು ಕಡೆಗೆ ದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ಕಲೆಸಿ ಬಳಿದು ಬಿಸಿಲಿಗಿಟ್ಟೆ. ದೇವರ ವಿಗ್ರಹ ಕಪ್ಪು ಮಾಡುವುದು ಹಾಗೇ. ಅಪ್ಪ ಕಲಿಸಿಕೊಟ್ಟದ್ದು. ದೇವರಿಗೆಂದು ಕಲಿಸಿದ್ದನ್ನು ನಾನು ಕಳ್ಳತನಕ್ಕೆ ಬಳಸಿದೆ. ನಿಮ್ಮ ಕಾಗದ ಬಂದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ನೀವು ಅಷ್ಟು ಓದಿದವರು, ನೋಡಿದ ಕೂಡಲೇ ಹಿಡಿದು ಬೈಯುತ್ತೀರಿ, ಅಲ್ಲಿಗೆ ಮುಗಿಯುತ್ತದೆ ಎಂದು ಒಳಗೊಳಗೇ ನಂಬಿದ್ದೆ. ಹಿಡಿಯುವುದು ಸುಲಭ. ಹಸಿ ಮುಖದ ಮೇಲ್ಗಡೆ ಅಂಚಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ಇದೆ ನೋಡಿ. ಅದು ಏಟು ಬಿದ್ದ ಜಾಗ. ಅಲ್ಲಿ ಕಲ್ಲು ಪುಡಿಯಾಗಿ ಬೆಳ್ಳಗಾಗುತ್ತದೆ, ಅಲ್ಲಿಂದ ಬೀಸಣಿಗೆಯ ಹಾಗೆ ಸಣ್ಣ ಗೆರೆಗಳು ಹರಡುತ್ತವೆ. ಎಂಥ ಕೆಲಸಗಾರ ಹೊಡೆದರೂ ಆ ಚುಕ್ಕೆ ಬಿಟ್ಟು ಕಲ್ಲು ಒಡೆಯುವುದಿಲ್ಲ. ಎಣ್ಣೆ ಹಚ್ಚಿ ಮರೆಮಾಡಿದ್ದೆ, ಸೋಪಿನ ನೀರಿನಲ್ಲಿ ತೊಳೆದರೆ ಕಾಣುತ್ತದೆ. ನಿಮ್ಮ ಕಡಲ ಕಲ್ಲಿನಲ್ಲಿ ಅದು ಇರಲಿಲ್ಲ. ಅದು ನಿಮ್ಮ ಕಬ್ಬಿಣದ ಬುಟ್ಟಿ ಎಳೆದು ಕಿತ್ತ ಕಲ್ಲು, ಆಲದ ಬೇರು ಸೀಳಿದ ಬಂಡೆಯಲ್ಲೂ ಆ ಚುಕ್ಕೆ ಇರುವುದಿಲ್ಲ. ನಾನು ಮೊದಲ ದಿನ ಹೇಳಿದ ಮಾತು ಸುಳ್ಳಲ್ಲ ತಾಯಿ. ಸುಳ್ಳು ಆಮೇಲೆ ಶುರುವಾಯಿತು.

ನಿಮ್ಮ ಅಪ್ಪ ಹೇಳಿದ ಮಾತು ಓದಿದ ಮೇಲೆ ನನಗೆ ಮುದ್ದೆ ಇಳಿಯುತ್ತಿಲ್ಲ. ನಾಳೆ ಮತ್ತೆ ಲಕ್ಕೂರಿಗೆ ಹೋಗುತ್ತೇನೆ. ಆಯಮ್ಮ ಬೈದರೂ ಸರಿ, ಹೊಡೆದರೂ ಸರಿ, ಗೋಡೆಯ ಒಂದೊಂದು ಕಲ್ಲನ್ನೂ ತಟ್ಟಿ ನೋಡುತ್ತೇನೆ.

ಗಂಗುಲಪ್ಪ


ಕಾರವಾರ
20 ಜುಲೈ 2024

ಗಂಗುಲಪ್ಪನವರಿಗೆ,

ನಿಮ್ಮ ಕಾಗದ ಬಂತು. ಕಲ್ಲನ್ನು ಸೋಪಿನಲ್ಲಿ ತೊಳೆದೆ. ಬೇಸಿನ್ನಿನಲ್ಲಿ ಕರೀ ನೀರು ಹರಿಯಿತು. ಬಿಳಿ ಚುಕ್ಕೆ ಕಂಡಿತು.

ಫೋಟೋ ಕೇಳಿದ್ದು ಅಜ್ಜಿ ಅಲ್ಲ, ಅಲ್ಲವೇ? ನನಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಅದಕ್ಕೆ.

ಕಳೆಯಿತು ಎಂದು ಜೂನಿನಲ್ಲೇ ಒಂದು ಸಾಲು ಬರೆದಿದ್ದರೆ ನಾನು ಬರೀ ಕಲ್ಲು ಕಳೆದವಳಾಗುತ್ತಿದ್ದೆ. ಈಗ ಕಳ್ಳಕಲ್ಲು ತಂದು ಇಟ್ಟವಳು. ನನ್ನನ್ನು ನಂಬಿ ಎಂದು ಯಾವ ಮುಖದಲ್ಲಿ ಹೇಳಲಿ? ನನ್ನ ತಪ್ಪೂ ಇದೆ. ಹರಳೆಣ್ಣೆ ವಾಸನೆ ಬಂದಾಗ ಮೊದಲ ವರ್ಷದ ವಿದ್ಯಾರ್ಥಿಯೂ ಯಾಕೆ ಎಂದು ಕೇಳುತ್ತಿದ್ದ. ನಾನು ಕೇಳಲಿಲ್ಲ. ಕಲ್ಲು ನಮ್ಮ ಊರಿನದು ಎಂದಾಗ ಅಷ್ಟು ಹಿಗ್ಗಿಬಿಟ್ಟಿದ್ದೆ.

ಸೋಮವಾರ ಭಾರ್ಗವ್ ಸರ್‌ಗೆ ಎಲ್ಲವನ್ನೂ ಹೇಳುತ್ತೇನೆ. ನೀವು ಲಕ್ಕೂರಿಗೆ ಹೋಗಬೇಡಿ, ಗೋಡೆ ತಟ್ಟಬೇಡಿ. ಸದ್ಯಕ್ಕೆ ನನಗೆ ಕಾಗದವನ್ನೂ ಬರೆಯಬೇಡಿ.

ಸಂಹಿತಾ


ಲಕ್ಕೂರು
22 ಜುಲೈ 2024
ಕದಿರೇಶನ ಕೈಯಲ್ಲಿ

ಸಂಹಿತಮ್ಮನವರಿಗೆ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಬಂದರೆ ಬೈಗುಳ ಇರುತ್ತದೆ ಎಂದು ಗೊತ್ತು. ಅದಕ್ಕೆ ಮುಂಚೆ ಇದನ್ನು ಬರೆದು ಕಳಿಸುತ್ತಿದ್ದೇನೆ.

ಕಲ್ಲು ಸಿಕ್ಕಿತು.

ಮೂರು ದಿನ ಇಲ್ಲೇ ಇದ್ದೇನೆ. ನಾನು ಬಂದಾಗ ಆದಿಲಕ್ಷ್ಮಮ್ಮ ಗೋಡೆಯ ಯೋಚನೆಯಲ್ಲೇ ಇರಲಿಲ್ಲ. ಹಸುವಿನ ಯೋಚನೆಯಲ್ಲಿದ್ದಳು. ಹೊಸ ಹಸು ಒಂದು ತಿಂಗಳಿಂದ ಮೇವು ಅರ್ಧಕ್ಕೆ ಬಿಟ್ಟು ಗೋಡೆ ನೆಕ್ಕುತ್ತದಂತೆ. ಡಾಕ್ಟರು ಬಂದು ಸೂಜಿ ಹಾಕಿ ಹೋದರು. ಅದಕ್ಕೂ ಬಗ್ಗದೆ, ಯಾರದೋ ದೃಷ್ಟಿ ಬಿದ್ದಿದೆ ಎಂದು ಕೊಂಬಿಗೆ ದಾರ ಕಟ್ಟಿಸಿದ್ದಾಳೆ. ಹಸು ದಾರ ಕಟ್ಟಿಕೊಂಡೇ ನೆಕ್ಕುತ್ತಿದೆ.

ನಾನು ಎರಡು ದಿನ ಗೋಡೆಯ ಆ ತುದಿಯಿಂದ ತಟ್ಟಿಕೊಂಡು ಬಂದೆ. ನೂರಾರು ಕಲ್ಲು, ಎಲ್ಲವೂ ನಾನೇ ಆರಿಸಿದ ಗಟ್ಟಿ ಕಲ್ಲು, ಎಲ್ಲವೂ ಒಂದೇ ಥರ. ಇವತ್ತು ಬೆಳಿಗ್ಗೆ ಕೈ ಸೋತು ಕೂತಾಗ ಹಸುವಿನ ಕಡೆ ನೋಡಿದೆ. ಅದು ಗೋಡೆಯನ್ನೆಲ್ಲ ನೆಕ್ಕುತ್ತಿರಲಿಲ್ಲ. ಒಂದೇ ಒಂದು ಕಡೆ ನೆಕ್ಕುತ್ತಿತ್ತು. ಸಿಮೆಂಟು ಸವೆದು ಒಂದು ಕಪ್ಪು ಕಲ್ಲು ಪಳಪಳ ಹೊಳೆಯುತ್ತಿತ್ತು. ಹಸುವನ್ನು ಪಕ್ಕಕ್ಕೆ ತಳ್ಳಿ ನಾನೂ ನಾಲಿಗೆ ಇಟ್ಟು ನೋಡಿದೆ. ಉಪ್ಪು. ಸಮುದ್ರದ ಉಪ್ಪು ಅದರ ಸಂದುಸಂದಿನಲ್ಲೂ ಕೂತಿದೆ ತಾಯಿ. ಎಷ್ಟು ಕಾಲ ನೆನೆದಿತ್ತೋ.

ನಾನು ಗೋಡೆ ನೆಕ್ಕಿದ್ದನ್ನು ಆದಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಈಗ ನನಗೂ ದಾರ ಕಟ್ಟಿಸಬೇಕು ಎನ್ನುತ್ತಿದ್ದಾಳೆ. ಉಪ್ಪಿನ ವಿಷಯ ಹೇಳಿ ಅವಳಿಗೂ ಬೆರಳಲ್ಲಿ ಮುಟ್ಟಿ ರುಚಿ ನೋಡಲು ಕೊಟ್ಟ ಮೇಲೆ ನಂಬಿದಳು. "ತಗಂಡೋಗಯ್ಯಾ ನಿನ್ ರಾಯಿ, ನನ್ ಹಸು ಉಳೀಲಿ" ಎಂದಳು. ಆ ಜಾಗಕ್ಕೆ ಬೇರೆ ಕಲ್ಲು ಕೂರಿಸಿದೆ. ಹಸು ನನ್ನ ಮೇಲೆ ಮುನಿಸಿಕೊಂಡಿತು. ಒಂದು ಹಿಡಿ ಕಲ್ಲುಪ್ಪು ಕೊಟ್ಟು ಸಮಾಧಾನ ಮಾಡಿದೆ.

ಕದಿರೇಶ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬರುತ್ತಾನೆ. ನಿಮ್ಮ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ಜಾಜಿನ ಗೆರೆ ಇನ್ನೂ ಇದೆ.

ಗಂಗುಲಪ್ಪ


ಕಾರವಾರ
26 ಜುಲೈ 2024

ಗಂಗುಲಪ್ಪ ತಾತನವರಿಗೆ,

ಸಿಟ್ಟು ಮುಕ್ಕಾಲು ಇಳಿದಿದೆ. ಉಳಿದ ಕಾಲು ಫೋಟೋದ ಲೆಕ್ಕಕ್ಕೆ ಇಟ್ಟುಕೊಂಡಿದ್ದೇನೆ.

ಸೋಮವಾರ ಸರ್‌ಗೆ ಎಲ್ಲವನ್ನೂ ಹೇಳಿದೆ. ಅವರು, "ಹಾಗಾದ್ರೆ ಆ ವಾಸನೆ ನಿನ್ನ ತಲೇದಲ್ಲ" ಎಂದರು. ಅವತ್ತೇ ವಾಸನೆ ಹಿಡಿದಿದ್ದರಂತೆ. ಹೆಣ್ಣುಮಗಳ ತಲೆಯೆಣ್ಣೆಯ ಮಾತೆತ್ತುವುದು ಹೇಗೆ ಎಂದು ಕನ್ನಡಕ ಒರೆಸಿಕೊಂಡು ಕೂತಿದ್ದರಂತೆ. ನಾನು ಅದನ್ನು ಸೋಲು ಎಂದುಕೊಂಡಿದ್ದೆ.

ಬುಧವಾರ ಕದಿರೇಶಣ್ಣ ಬಂದರು. ರಾಗಿ ಚೀಲದಲ್ಲಿ ಕಲ್ಲು. ಗೇಟಿನವನಿಗೆ ಕೊಡಲಿಲ್ಲ, ಸರ್‌ಗೂ ಕೊಡಲಿಲ್ಲ. ನಾನು ಬಂದು ನನ್ನ ಹೆಸರು ಹೇಳಿದ ಮೇಲೆ ಕೊಟ್ಟರು. ಕಡಲು ತೋರಿಸುತ್ತೇನೆಂದರೆ, "ಆಮೇಲೆ ನೋಡ್ತೀನಿ, ಮೊದ್ಲು ಸೈನ್ ಹಾಕಮ್ಮ" ಎಂದರು.

ನಿನ್ನೆ ಸಭೆ. ಏಳು ಜನ. ನಾನು ಅಪ್ಪಣೆಯಿಲ್ಲದೆ ಕಳಿಸಿದ್ದು, ಜಾಜು, ಕೊಟ್ಟಿಗೆ, ಮಸಿ, ಯಾವುದನ್ನೂ ಬಿಡದೆ ಹೇಳಿದೆ. ನಗಬಾರದೆಂದು ಒಬ್ಬರು ನೀರು ಕುಡಿಯುತ್ತಲೇ ಇದ್ದರು. ಇನ್ನೊಬ್ಬರು ಹಿರಿಯರು, "ಹಸು ನೆಕ್ಕಿದ ಕಲ್ಲನ್ನು ಸಾಕ್ಷಿ ಅಂತ ಹೇಗಮ್ಮ ತಗೊಳ್ಳೋದು?" ಎಂದರು. ಅವರು ಹೇಳಿದ್ದು ಸರಿ. ಎದ್ದು ಹೊರಗೆ ಹೋಗೋಣ ಎನಿಸಿತು.

ಆಗ ನಿಮ್ಮ ಕಾಗದದ ಬಿಳಿ ಚುಕ್ಕೆಯ ಮಾತು ನೆನಪಾಯಿತು. ಎರಡೂ ಕಲ್ಲನ್ನು ಮೇಜಿನ ಮೇಲೆ ಜೊತೆಯಲ್ಲಿಟ್ಟೆ. ಒಂದನ್ನು ಮನುಷ್ಯ ಒಡೆದಿದ್ದಾನೆ, ಒಡೆದವನೇ ಒಪ್ಪಿಕೊಂಡಿದ್ದಾನೆ, ಇನ್ನೊಂದನ್ನೂ ಮನುಷ್ಯನೇ ಒಡೆದಿದ್ದರೆ ಅದರಲ್ಲೂ ಈ ಗುರುತು ಇರಬೇಕು, ಹುಡುಕಿ ಎಂದೆ. ಭಾರ್ಗವ್ ಸರ್ ಮೊದಲು ಎದ್ದು ಬಂದರು. ಭೂತಗನ್ನಡಿ ಹಿಡಿದು ನಿಮ್ಮ ಕಲ್ಲಿನಲ್ಲಿ ಚುಕ್ಕೆ ನೋಡಿದರು, ಗೆರೆ ಹರಡಿದ್ದು ನೋಡಿದರು. ಕಡಲ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಇಲ್ಲ. ಏಳೂ ಜನ ನೋಡಿದರು. ಇಲ್ಲ. "ಹಸು ಮೇಲಿನದು ನೆಕ್ಕಬಹುದು, ಕಲ್ಲು ಹೇಗೆ ಒಡೀತು ಅನ್ನೋದನ್ನ ನೆಕ್ಕಕ್ಕಾಗಲ್ಲ" ಎಂದು ಹೇಳಿದವರು ಭಾರ್ಗವ್ ಸರ್, ನಾನಲ್ಲ. ಹಡಗಿನಿಂದ ಎಸೆದ ಕಲ್ಲು ಎಂಬ ಮಾತನ್ನು ಅವರೇ ವಾಪಸು ತೆಗೆದುಕೊಂಡರು.

ಕಡಲ ಕಲ್ಲಿನ ಪದರವನ್ನೂ ನೋಡಿದೆ. ಅದು ವಕ್ಕಲೇರಿ ಕಲ್ಲಿಗೆ ಅವಳಿ ಅಲ್ಲ, ದೂರದ ದಾಯಾದಿ. ಮೂಲೆಯ ಚೂರಿನ ವಯಸ್ಸೂ ಬಂತು, ಇನ್ನೂರೈವತ್ತು ಕೋಟಿ ವರ್ಷದ ಮೇಲೆ. ಅಲ್ಲಿ ಉಕ್ಕಿದ ಲಾವಾ ಅಷ್ಟು ಹಳೆಯದಿರುವುದಿಲ್ಲ. ಒಂದು ಕಲ್ಲಿನಿಂದ ಜಗಲಿ ಇಡೀ ನಮ್ಮ ನೆಲದ್ದು ಎಂದು ಹೇಳಲಾಗದು, ಮೇಲೆ ಲಾವಾ ಹರಿದಿದೆ, ಅದರ ಮೇಲೆ ಕೆಸರು ಕೂತಿದೆ. ಆದರೆ ಕೆಳಗೆ ಏನಿದೆ ಎಂದು ಕೊರೆದು ನೋಡಲೇಬೇಕು ಎಂದು ತೀರ್ಮಾನವಾಯಿತು. ಡಿಸೆಂಬರಿನಲ್ಲಿ ಹಡಗು ಹೋಗುತ್ತದೆ. ನಾನೇ ಮುಂದಾಳು. ಅಪ್ಪಣೆಯಿಲ್ಲದೆ ಕಲ್ಲು ಹೊರಗೆ ಕಳಿಸಿದ್ದಕ್ಕೆ ಛೀಮಾರಿಯ ಕಾಗದವೂ ಬಂದಿದೆ, ಅದನ್ನೂ ನಾನೇ ಸೈನ್ ಮಾಡಿ ತೆಗೆದುಕೊಂಡೆ.

ಇನ್ನೊಂದು. ನಿಮ್ಮ ಕಲ್ಲನ್ನು ಎಸೆಯಲು ಸರ್ ಬಿಡಲಿಲ್ಲ. ಮುಂದೆ ಬರುವವರಿಗೆ ಹೋಲಿಸಿ ನೋಡಲು ಬೇಕು ಎಂದು ನಂಬರು ಹಾಕಿಸಿ ಗಾಜಿನ ಬೀರುವಿನಲ್ಲಿಡಿಸಿದರು. ಚೀಟಿಯಲ್ಲಿ ಹೀಗಿದೆ: "ಸುತ್ತಿಗೆಯಿಂದ ಒಡೆದ ಕಲ್ಲಿನ ಮಾದರಿ. ತಯಾರಿಸಿದವರು: ಗಂಗುಲಪ್ಪ, ವಕ್ಕಲೇರಿ."

ಸಂಹಿತಾ


ವಕ್ಕಲೇರಿ
4 ಆಗಸ್ಟ್ 2024

ಸಂಹಿತಮ್ಮನವರಿಗೆ,

ನಿಮ್ಮ ಕಾಗದವನ್ನು ಮುನಿಲಕ್ಷ್ಮಿ ಬೀದಿಗೆ ಕೇಳಿಸುವ ಹಾಗೆ ಓದಿದಳು. ನೀವು ಹಡಗು ಹತ್ತುತ್ತೀರಿ ಎಂದು ತಿಳಿದು ನನಗೆ ಜೀವ ಬಂದ ಹಾಗಾಯಿತು. ಅವತ್ತು ಎರಡು ಮುದ್ದೆ ಉಂಡೆ.

ಚೀಟಿಯ ಮಾತನ್ನು ಎರಡನೇ ಸಲ ಓದಿಸಿದೆ. ಮೂರನೇ ಸಲ ಕದಿರೇಶನ ಕೈಲಿ ಓದಿಸಿದೆ. ಐವತ್ತೆರಡು ವರ್ಷದಲ್ಲಿ ನಾನು ಒಡೆದುಕೊಟ್ಟ ಕಲ್ಲು ಮುಳಬಾಗಿಲಿನ ಮನೆಗಳಲ್ಲಿದೆ, ಶ್ರೀನಿವಾಸಪುರದ ಮಂಡಿಗಳ ಕಟ್ಟೆಯಲ್ಲಿದೆ, ಕೋಲಾರದಲ್ಲಿ ಎಷ್ಟು ಗೋಡೆಯಲ್ಲಿದೆಯೋ ನನಗೇ ತಿಳಿಯದು. ಕಟ್ಟಿಸಿದವರ ಹೆಸರು ನೂರಾರು ಕೆತ್ತಿದ್ದೇನೆ. ಒಡೆದವನ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿ ಇಲ್ಲ. ಬರೆಯಬೇಕು ಎಂದು ನನಗೂ ಯಾವತ್ತೂ ಅನಿಸಿರಲಿಲ್ಲ.

ದೊಡ್ಡಗಂಗಮ್ಮ ರಾಗಿ ಕೇರುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು ನನಗೆ ಕೇಳಿಸಲಿ ಎಂದು ಗಟ್ಟಿಯಾಗಿ ಹೇಳಿದಳು: "ಐವತ್ತೊರ್ಸ ನಿಜವಾದ ಕೆಲ್ಸ ಮಾಡ್ದೆ, ಒಬ್ರೂ ಹೆಸರು ಬರೀಲಿಲ್ಲ. ಒಂದೇ ಒಂದು ಮೋಸ ಮಾಡ್ದೆ, ಗಾಜಿನ ಬೀರುನಾಗೆ ಹೆಸರಾಕಿ ಮಡಗವ್ರೆ."

ನನಗೆ ನಾಚಿಕೆಯೂ ಆಗುತ್ತದೆ, ಆ ಚೀಟಿಯನ್ನು ಒಂದು ಸಲ ಕಣ್ಣಾರೆ ನೋಡಬೇಕು ಎಂಬ ಆಸೆಯೂ ಆಗುತ್ತದೆ. ನಾಲ್ಕು ದಿನದಿಂದ ತೂಗಿ ನೋಡಿದೆ, ಆಸೆಯೇ ಜಾಸ್ತಿ ತೂಗುತ್ತಿದೆ. ಕಾರವಾರಕ್ಕೆ ಯಾವ ಬಸ್ಸು ಹತ್ತಬೇಕು, ಬರೆಯಿರಿ.

ಗಂಗುಲಪ್ಪ